ತುಡುಗಿಗೆ ಎಷ್ಟ ಹೆಸರು!

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಕಳ್ಳತನಕ್ಕ ಒಂದ ಶಬ್ದ ಸಾಕು, ತುಡುಗು. ಹಾಲು ಕುಡದು ಹೋದ ಬೆಕ್ಕು ತುಡುಗು ಬೆಕ್ಕು. ಮಂದಿ ಹೊಲಕ್ಕ ಬಾಯಿ ಹಾಕಿದ ಎಮ್ಮಿ ತುಡುಗು ಎಮ್ಮಿ. ಡಬ್ಬಿಯೊಳಗಿನ ಬೆಲ್ಲ ತಿಂದ ಮೊಮ್ಮಗಗ "ಏ ತುಡುಗ" ಅಂತ ಅಂದು ನಗತೀವಿ. ಕೀಲಿ ಮುರದು ಬಂಗಾರ ಒಯ್ದಂವಗೂ ಅದ ಹೆಸರು. ಇಂಗ್ಲಿಷಿನವರು ಹಂಗಲ್ಲರಿ. ಒಂದೊಂದು ಪರಿಗೆ ಒಂದೊಂದು ಶಬ್ದ ಇಟ್ಟಾರ. ಆ ಶಬ್ದಗಳು ಹೆಂಗ ಬಂದ್ವು, ಯಾರ ಮ್ಯಾಲೆ ಬಿದ್ದು, ಯಾರ ಮ್ಯಾಲೆ ಬೀಳಲಿಲ್ಲ, ಇವತ್ತಿನ ಬರಹದಾಗ ಅದನ್ನ ಹೇಳತೀನಿ. ನಾನು ಓದಿದ್ದು ಪಿಯುಸಿ ತನಕ ಅಷ್ಟ. ಆದ್ರ ಈ ವಿಷಯ ನಮ್ಮ ಕೊಳ್ಳಾಗಿನ ಸರಕ್ಕೂ, ನಮ್ಮ ಮನಿಗೆ ಭಾಂಡಿ ತಿಕ್ಕಾಕ ಬರೂ ಹೆಣ್ಣುಮಗಳಿಗೂ ಸಂಬಂಧಪಟ್ಟದ್ದು. ಅದಕ್ಕ ಅಕ್ಕಾರ, ವೈನ್ಯಾರ, ತಂಗ್ಯಾರ, ಸ್ವಲ್ಪ ಪುರಸೊತ್ತು ಮಾಡಿಕೊಂಡು ಓದ್ರಿ.

ಮೊದಲ ಸಾಲಿ ಹುಡುಗರು ತಪ್ಪೂ ಜಾಗಾ ನೋಡೂಣು. ನಮಗ ಸ್ಟೀಲ್ ಅಂದ್ರ ತಾಟು, ತಂಬಗಿ, ಡಬ್ಬಿ. ಇಂಗ್ಲಿಷಿನಾಗ ಅದ ಉಚ್ಚಾರದ ಇನ್ನೊಂದು ಶಬ್ದ ಐತಿ, ಕಾಗುಣಿತ ಬ್ಯಾರೆ, ಅರ್ಥ ಕದಿಯೋದು. ಅದರ ಜೋಡಿ 'ರಾಬ್' ಅಂತ ಇನ್ನೊಂದು. ಎರಡಕ್ಕೂ ಫರಕ ಇಷ್ಟ: ಸ್ಟೀಲ್ ಮಾಡೋದು ವಸ್ತು, ರಾಬ್ ಮಾಡೋದು ಮನುಷ್ಯಾನ್ನ ಇಲ್ಲಾ ಜಾಗಾನ್ನ. ಪರ್ಸ್ ಹೋದ್ರ 'ಮೈ ಪರ್ಸ್ ವಾಜ್ ಸ್ಟೋಲನ್'. ನಿಮ್ಮನ್ನ ಅಡ್ಡಗಟ್ಟಿ ಕಸಗೊಂಡ್ರ 'ಐ ವಾಜ್ ರಾಬ್ಡ್'. ಬ್ಯಾಂಕಿಗೆ ನುಗ್ಗಿದ್ರ ಬ್ಯಾಂಕ್ 'ರಾಬ್' ಆತು, ಒಳಗಿನ ರೊಕ್ಕ 'ಸ್ಟೀಲ್' ಆತು. 'ಐ ವಾಜ್ ಸ್ಟೋಲನ್' ಅಂದ್ರ ನನ್ನನ್ನ ಯಾರೋ ಕದ್ದು ಒಯ್ದರು ಅಂದಂಗ ಆಗತೈತಿ. ಪರೀಕ್ಷೆಯೊಳಗ ಇದನ್ನ ಕೇಳ್ತಾರ, ಮಕ್ಕಳಿಗೆ ಹೇಳಿಕೊಡ್ರಿ.

ಇನ್ನು ಕಾಯ್ದೆ ಒಳಗಿನ ಶಬ್ದ. ಮೆಕಾಲೆ ಸಾಹೇಬ ಮುಂದ ನಿಂತು 1837ರಾಗ ಕರಡು ಮಾಡಿದ್ದು, ಮುಂದ 1860ರಾಗ ಭಾರತೀಯ ದಂಡ ಸಂಹಿತೆ ಅಂತ ಪಾಸಾಗಿ 1862ರ ಜನವರಿ 1ರಿಂದ ಜಾರಿಗೆ ಬಂತು. ನೂರಾ ಅರವತ್ತು ವರ್ಷದ ಮ್ಯಾಲೆ ಅದ ನಡೀತು. 2024ರ ಜುಲೈ 1ರಿಂದ ಅದರ ಜಾಗಾಕ್ಕ ಭಾರತೀಯ ನ್ಯಾಯ ಸಂಹಿತೆ ಬಂದೈತಿ. ಕಲಮಿನ ನಂಬರ್ ಬದಲಾದವು, ಆದ್ರ ಕಳವಿನ ಅರ್ಥ ಹೆಚ್ಚು ಕಡಿಮಿ ಹಳೇದ ಉಳದೈತಿ.

ಆ ಕಾಯ್ದೆಯ ಒಂದು ಚಲೋ ಗುಣ ಅಂದ್ರ ಅದರಾಗ ಉದಾಹರಣೆ ಕೊಟ್ಟಾರ. ಓದಿದ್ರ ನಮ್ಮ ಓಣಿ ಸುದ್ದಿ ಓದಿದಂಗ ಅನಸ್ತೈತಿ. ಮಂದಿ ಹೊಲದಾಗಿನ ಗಿಡ ಭೂಮಿಗೆ ಹತ್ತಿಕೊಂಡು ನಿಂತಿರೂ ತನಕ ಅದನ್ನ ಕದಿಯಾಕ ಆಗೂದಿಲ್ಲ. ಕಡದು ಭೂಮಿಯಿಂದ ಬಿಡಿಸಿದ ಕೂಡಲೇ ಕಳವು. ಕಿಸೆದಾಗ ತಿನ್ನೂದು ಇಟಗೊಂಡು ಮಂದಿ ನಾಯಿಗೆ ಆಸೆ ತೋರಿಸಿದ್ರ, ಆ ನಾಯಿ ಬೆನ್ನ ಹತ್ತಿ ನಡಿಯಾಕ ಸುರು ಮಾಡಿದ ಕ್ಷಣಕ್ಕ ಕಳವು ಆತು. ಹಾದ್ಯಾಗ ಯಾರ ಸುಪರ್ದಿನಾಗೂ ಇಲ್ಲದ ಉಂಗುರ ಬಿದ್ದಿತ್ತು, ಒಬ್ಬಂವ ಎತ್ತಿಕೊಂಡ ಅಂದ್ರ ಅದು ಕಳವಲ್ಲ. ಯಾಕಂದ್ರ ಯಾರ ಕೈಯಿಂದಲೂ ಅದನ್ನ ತಗೊಂಡಿಲ್ಲ. ಆದ್ರ ಅಪ್ರಾಮಾಣಿಕತೆಯಿಂದ ತನ್ನದು ಮಾಡಿಕೊಂಡ್ರ ಅದಕ್ಕ ಬ್ಯಾರೆ ಹೆಸರು, ಬ್ಯಾರೆ ಕಲಮು ಐತಿ.

ಇನ್ನೊಂದು ಕೇಳ್ರಿ, ಇದು ಬಂಗಾರ ಒತ್ತಿ ಇಡೋ ನಮ್ಮಂಥವರಿಗೆ. ಒಬ್ಬಂವ ತನ್ನ ಗಡಿಯಾರ ಒತ್ತಿ ಇಟ್ಟು ಸಾಲ ತಂದಾನ. ಸಾಲ ತೀರಿಸದ, ಒತ್ತಿ ಹಿಡದಂವಗ ಹೇಳದ, ಗಡಿಯಾರ ಎತಗೊಂಡು ಬಂದ್ರ ಅಂವ ಕಳ್ಳ. ಗಡಿಯಾರ ಅವಂದ ಖರೆ, ಆದ್ರೂ ಕಳವು ಆಗತೈತಿ! ಕಾಯ್ದೆ 'ಯಾರದು' ಅಂತ ಅಷ್ಟ ಕೇಳೂದಿಲ್ಲ, 'ಯಾರ ಕೈಯಾಗ ಇತ್ತು' ಅಂತ ಕೇಳತೈತಿ.

ಹಂಗ ನೋಡಿದ್ರ ಇಡೀ ಲೆಕ್ಕ ಕೈಯಿಂದ ಹೆಂಗ ಹೋತು ಅನ್ನೋದರ ಮ್ಯಾಲೆ ನಿಂತೈತಿ. ನಿಮಗ ಗೊತ್ತಿಲ್ಲದ, ಒಪ್ಪಿಗಿ ಇಲ್ಲದ ಒಯ್ದರ ಕಳವು, ಇಂಗ್ಲಿಷಿನಾಗ 'ಥೆಫ್ಟ್'. ಹೆದರಿಸಿದ್ದಕ್ಕ ನೀವ ಕೈಯಾರ ಕೊಟ್ರ ಸುಲಿಗೆ, 'ಎಕ್ಸಟಾರ್ಶನ್'. ಹೊಡದು ಬಡದು, ಅಡ್ಡಗಟ್ಟಿ ಕಸಗೊಂಡ್ರ 'ರಾಬರಿ'. ಅದನ್ನ ಐದು ಮಂದಿ ಇಲ್ಲಾ ಐದಕ್ಕಿಂತ ಹೆಚ್ಚು ಮಂದಿ ಕೂಡಿ ಮಾಡಿದ್ರ 'ಡಕಾಯಿಟಿ'. ನಾಕು ಮಂದಿ ಇದ್ರ ರಾಬರಿ, ಐದನೇದಂವ ಬಂದು ಕೈ ಹಚ್ಚಿದ್ರ ಡಕಾಯಿಟಿ, ಶಿಕ್ಷೆ ಜೀವಾವಧಿ ತನಕ ಹೋಗತೈತಿ. ಮೋಸಕ್ಕ ಬಿದ್ದು ನೀವ ಕೊಟ್ರ 'ಚೀಟಿಂಗ್', ವಂಚನೆ. ಫೋನ್ ಮ್ಯಾಲೆ ಓಟಿಪಿ ಕೇಳಿ ಖಾತೆ ಖಾಲಿ ಮಾಡ್ತಾರಲ್ಲ, ಅದು ಈ ಸಾಲಿನಾಗ ಬರತೈತಿ. ಹಂಗೇನರೆ ಆದ್ರ ತಡ ಮಾಡದ 1930ಕ್ಕ ಫೋನ್ ಹಚ್ಚ್ರಿ.

ಮನಿಗೆ ಕನ್ನ ಹಾಕೋದಕ್ಕ 'ಹೌಸ್ ಬ್ರೇಕಿಂಗ್' ಅಂತಾರ. ಗ್ವಾಡಿಗೆ ತೂತು ಹೊಡದು ಕೈ ಹಾಕೋ ಉದಾಹರಣೆ ಕಾಯ್ದೆಯೊಳಗ ಹಂಗ ಐತಿ, ನಮ್ಮ ಹಿರ್ಯಾರು ಹೇಳ್ತಿದ್ದ ಕನ್ನ ಅಂದ್ರ ಅದ. ಕೀಲಿ ಮುರಿಯಬೇಕಂತ ಏನಿಲ್ಲ. ನೀವು ಕಳಕೊಂಡ ಕೀಲಿಕೈ ಸಿಕ್ಕಂವ ಅದರಿಂದ ಬಾಗಲಾ ತಗದು ಒಳಗ ಬಂದ್ರೂ ಅದು ಮನಿ ಮುರದಂಗ. ಚಪ್ಪಲಿ ಸ್ಟ್ಯಾಂಡಿನಾಗ, ತುಳಸಿಕಟ್ಟಿ ಹಿಂದ ಕೀಲಿಕೈ ಮುಚ್ಚಿಡೋ ರೂಢಿ ಇದ್ದವರು ನೆನಪಿಟ್ಟುಕೊಳ್ರಿ. ಇಂಗ್ಲೆಂಡಿನ ಹಳೇ ಕಾಯ್ದೆಯೊಳಗ 'ಬರ್ಗ್ಲರಿ' ಅಂದ್ರ ರಾತ್ರಿ ಮನಿಗೆ ನುಗ್ಗೋದಷ್ಟ, ಹಗಲಿಗೆ ಆ ಹೆಸರು ಇರಲಿಲ್ಲ.

ಈಗ ಒಂದು ಮಜಾ ನೋಡ್ರಿ. ಈ ಸಾಲಿನ ಮೂರು ಶಬ್ದ ಇಂಗ್ಲಿಷಿನವರವು ಅಲ್ಲ ಅಲ್ಲ, ನಮ್ಮ ದೇಶದಿಂದ ಒಯ್ದವು. 'ಲೂಟ್' ಅನ್ನೋದು ಹಿಂದಿ ಶಬ್ದ, ನಮ್ಮ ಲೂಟಿನೂ ಅದ. 'ಡಕಾಯಿಟ್' ಅನ್ನೋದು ಡಕೈತ. 'ಥಗ್' ಅನ್ನೋದು ಠಗ್, ನಮ್ಮ ಠಕ್ಕ ಅದರ ಅಣ್ಣ-ತಮ್ಮ. ನಮ್ಮಲ್ಲೆ ಠಕ್ಕ ಅಂದ್ರ ಮೋಸಗಾರ ಅಷ್ಟ. ಇಂಗ್ಲಿಷಿಗೆ ಹೋದ ಮ್ಯಾಲೆ ಅದು ಹಾದಿ ಮ್ಯಾಲಿನ ಕೊಲೆಗಾರ ಆತು, ಈಗ ಗೂಂಡಾ ಅನ್ನೋ ಅರ್ಥಕ್ಕ ಬಂದು ನಿಂತೈತಿ. ಇಂಗ್ಲೆಂಡಿನ ಮನಿಮನಿಗೆ ಈ ಶಬ್ದ ಮುಟ್ಟಿಸಿದ ಪುಸ್ತಕ 1839ರಾಗ ಬಂತು, 'ಕನ್ಫೆಷನ್ಸ್ ಆಫ್ ಎ ಥಗ್' ಅಂತ. ಬರದಂವ ಫಿಲಿಪ್ ಮೆಡೋಸ್ ಟೇಲರ್. ಇದ ಟೇಲರ್ ಸಾಹೇಬ ಮುಂದ ನಮ್ಮ ಯಾದಗಿರಿ ಜಿಲ್ಲೆಯ ಸುರಪುರದ ಆಡಳಿತ ನೋಡಿಕೊಂಡು ಹತ್ತು ವರ್ಷದ ಮ್ಯಾಲೆ ಇದ್ದ. ಗುಡ್ಡದ ಮ್ಯಾಲೆ ಅಂವ ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಅಂತ ಇವತ್ತಿಗೂ ಹೆಸರಾಗೈತಿ. ಆ ಕಡೆ ನೆಂಟರ ಮನಿಗೆ ಹೋದವರು ನೋಡಿರಬೇಕು.

ಯಾಕ ಇವ ಶಬ್ದ ಬೇಕಾದವು ಅವರಿಗೆ? ನಮ್ಮ ಮಂದಿ ಮಾಡಿದ್ದಕ್ಕ ನಮ್ಮ ಹೆಸರು ಹಚ್ಚಾಕ. ತಾವು ಮಾಡಿದ್ದಕ್ಕ ಏನಂತಿದ್ರು ಅನ್ನೋದು ಶ್ರೀರಂಗಪಟ್ಟಣದಾಗ ಗೊತ್ತಾಗತೈತಿ.

1799ರ ಮೇ 4ಕ್ಕ ಕ್ವಾಟಿ ಬಿತ್ತು, ಟಿಪ್ಪು ಸುಲ್ತಾನ ಸತ್ತ. ಆ ರಾತ್ರಿ ಕಂಪನಿ ಸರಕಾರದ ಸಿಪಾಯರು ಊರಾಗ ನುಗ್ಗಿ ಮನಿಮನಿ ದೋಚಿದ್ರು. ಮರುದಿನ ಅಧಿಕಾರ ವಹಿಸಿಕೊಂಡಂವ ಆರ್ಥರ್ ವೆಲ್ಲೆಸ್ಲಿ, ಮುಂದ ಡ್ಯೂಕ್ ಆಫ್ ವೆಲಿಂಗ್ಟನ್ ಅಂತ ಹೆಸರಾದಂವ. ಅಂವ ದೋಚುತಿದ್ದವರಾಗ ಕೆಲವರನ್ನ ಗಲ್ಲಿಗೆ ಹಾಕಿ, ಕೆಲವರಿಗೆ ಚಾಟಿಯಿಂದ ಹೊಡಿಸಿ ಊರು ತಣ್ಣಗ ಮಾಡಿದ. ಇಲ್ಲೀ ತನಕ ನ್ಯಾಯನ ಅನ್ರಿ. ಆದ್ರ ಅದ ಊರಿನ ಅರಮನಿ ಖಜಾನೆ ಏನಾತು? ಅದನ್ನ ಎಣಿಸಾಕ ಒಂದು ಕಮಿಟಿ ಆತು. ದರ್ಜೆ ಪ್ರಕಾರ ಪಾಲು ಹಾಕಿ ಫೌಜಿನೊಳಗ ಹಂಚಿದ್ರು. ದೊಡ್ಡ ಸಾಹೇಬಗ ದೊಡ್ಡ ಪಾಲು, ಸಿಪಾಯಿಗೆ ಚೂರು. ಟಿಪ್ಪುವಿನ ಬಂಗಾರದ ಸಿಂಹಾಸನ ತುಂಡು ಮಾಡಿದ್ರು. ಅದರ ಹುಲಿ ತಲಿ ಈಗ ಇಂಗ್ಲೆಂಡಿನ ವಿಂಡ್ಸರ್ ಅರಮನಿಯೊಳಗ ಐತಿ. ಸಿಪಾಯಿಯನ್ನ ಕಚ್ಚೋ ಕಟಿಗಿ ಹುಲಿ ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಜಿಯಮ್ಮಿನಾಗ ಐತಿ. ಹಿಂಗ ಹಂಚಿಕೊಂಡದ್ದಕ್ಕ ಅವರು ಇಟ್ಟ ಹೆಸರು ಲೂಟ್ ಅಲ್ಲ, 'ಪ್ರೈಜ್'. ಬಹುಮಾನ! ಸಿಪಾಯಿ ಒಂದು ತಂಬಗಿ ಒಯ್ದರ ಗಲ್ಲು, ಸಾಹೇಬ ಖಜಾನೆ ಒಯ್ದರ ಬಹುಮಾನ.

ನಮ್ಮ ಕಿತ್ತೂರಿನ ಕಥಿನೂ ಇಂಥಾದ್ದ. 1824ರ ಸಪ್ಟಂಬರಿನಾಗ ಶಿವಲಿಂಗರುದ್ರಸರ್ಜ ತೀರಿಹೋದ. ದತ್ತಕ ಮಗನ್ನ ಒಪ್ಪೂದಿಲ್ಲ ಅಂತ ಧಾರವಾಡದ ಕಲೆಕ್ಟರ್ ಥ್ಯಾಕರೆ ಖಜಾನೆಗೆ ಮುದ್ರಿ ಒತ್ತಿದ. ಮುದ್ರಿ ಒತ್ತಿದಂವನ ಕೈಯಾಗ ಕಾಗದ ಇತ್ತು, ಅದಕ್ಕ ಕಳವು ಅನ್ನಲಿಲ್ಲ. ಚನ್ನಮ್ಮ ರಾಣಿ ಆ ಕಾಗದಾನ್ನ ಒಪ್ಪಲಿಲ್ಲ. ಅಕ್ಟೋಬರ್ 23ಕ್ಕ ಲಡಾಯಿ ಆಗಿ ಥ್ಯಾಕರೆ ಸತ್ತ. ಡಿಸೆಂಬರಿನಾಗ ಕ್ವಾಟಿ ಬಿತ್ತು, ರಾಣಿ ಬೈಲಹೊಂಗಲದ ಸೆರೆಯೊಳಗ 1829ರ ಫೆಬ್ರವರಿಯಾಗ ತೀರಿಕೊಂಡ್ಲು. ನಮ್ಮ ಚನ್ನಮ್ಮ ಸರ್ಕಲ್ಲಿನಾಗ ಬಸ್ ಕಾಯೋ ಮುಂದ ಆ ಮೂರ್ತಿ ನೋಡ್ತೀವಲ್ಲ, ತನ್ನ ಮನಿ ತಿಜೋರಿಗೆ ಮಂದಿ ಮುದ್ರಿ ಒತ್ತಬಾರದು ಅಂತ ಎದ್ದು ನಿಂತ ಹೆಣ್ಣುಮಗಳು ಆಕಿ.

ದೊಡ್ಡವರು ಒಯ್ದಿದ್ದಕ್ಕ ಹಿಂಗ ಮೆತ್ತನ ಹೆಸರು ಸಿಕ್ಕವು. ಬಡವರಿಗೆ ಏನಾತು ನೋಡ್ರಿ. 1860ರ ಕಾಯ್ದೆಯೊಳಗ ಸಾದಾ ಕಳವಿಗೆ ಮೂರು ವರ್ಷ ತನಕ ಶಿಕ್ಷೆ ಇತ್ತು. ಅದ ಕಳವನ್ನ ಆಳು ತನ್ನ ಧಣಿ ಮನಿಯಾಗ ಮಾಡಿದ್ರ ಏಳು ವರ್ಷ ತನಕ. ಧಣಿ ಆಳಿನ ಪಗಾರ ಕೊಡದ ಉಳಿಸಿಕೊಂಡ್ರ, ಅದಕ್ಕ ಕಳವು ಅನ್ನೋ ಹೆಸರ ಇರಲಿಲ್ಲ.

ಅದಕ್ಕಿಂತ ಕೆಟ್ಟದ್ದು 1871ರಾಗ ಬಂತು. 'ಕ್ರಿಮಿನಲ್ ಟ್ರೈಬ್ಸ್ ಆ್ಯಕ್ಟ್', ಅಪರಾಧಿ ಬುಡಕಟ್ಟುಗಳ ಕಾಯ್ದೆ. ಮೊದಲ ಉತ್ತರದ ಕಡೆ ಇತ್ತು, 1911ರ ಕಾಯ್ದೆ ಆದ ಮ್ಯಾಲೆ ನಮ್ಮ ಮುಂಬೈ ಇಲಾಖೆ ಕಡೆಗೂ ಬಿಗಿಯಾತು. 1860ರ ಕಾಯ್ದೆ ಏನ ಮಾಡಿದಿ ಅಂತ ಕೇಳತಿತ್ತು. ಈ ಕಾಯ್ದೆ ಯಾರ ಹೊಟ್ಟಿಯಾಗ ಹುಟ್ಟಿದಿ ಅಂತ ಕೇಳಾಕತ್ತಿತು. ಒಂದಿಡೀ ಜಾತಿಯ ಹೆಸರು ಪಟ್ಟಿಯಾಗ ಬರದು, ಅವರ ಬೆರಳಚ್ಚು ತಗೊಂಡು, ಪೊಲೀಸರ ಮುಂದ ಹಾಜರಿ ಹಾಕಿಸಿ, ಪಾಸ್ ಇಲ್ಲದ ಊರು ಬಿಡಬಾರದು ಅಂತ ಮಾಡಿದ್ರು. ಕೂಸು ಇನ್ನೂ ತೊಟ್ಟಿಲದಾಗ ಇರತಿತ್ತು, ಅದು ಹುಟ್ಟಿದ ಮನಿತನದ ಹೆಸರು ಆಗಲೇ ಕಳ್ಳರ ಪಟ್ಟಿಯಾಗ ಇರತಿತ್ತು.

ಇಂಥವರನ್ನ ಇಡಾಕ ಸರಕಾರ ಅಲ್ಲಲ್ಲೆ ಸೆಟ್ಲಮೆಂಟ್ ಕಟ್ಟಿತು. ನಮ್ಮ ಹುಬ್ಬಳ್ಳಿಯೊಳಗೂ ಒಂದಿತ್ತು. ಇವತ್ತಿಗೂ ಆ ಭಾಗಕ್ಕ ಮಂದಿ ಸೆಟ್ಲಮೆಂಟ್ ಅಂತನ ಅಂತಾರ, ರಿಕ್ಷಾದವರಿಗೆ ಹಂಗ ಹೇಳಿದ್ರ ಗೊತ್ತಾಗತೈತಿ. ನಾವೂ ದಿನಾ ಅನ್ನೋ ಶಬ್ದ ಅದು, ಅದರ ಹಿಂದಿನ ಹಾಜರಿ ಪುಸ್ತಕದ ನೆನಪು ಯಾರಿಗೂ ಆಗೂದಿಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷ ಆದ ಮ್ಯಾಲೆ, 1952ರ ಆಗಸ್ಟ್ 31ಕ್ಕ, ಆ ಕಾಯ್ದೆ ಇಡೀ ದೇಶದಾಗ ರದ್ದಾತು. ಆ ಜನರಿಗೆ ಈಗ ವಿಮುಕ್ತರು ಅಂತಾರ, ಅಂದ್ರ ಬಿಡುಗಡಿ ಆದವರು.

ಕಾಯ್ದೆ ಹೋತು, ಶಬ್ದ ಹೋಗಲಿಲ್ಲ. ನಮ್ಮ ಕಡೆ ಗಂಟಿಚೋರ ಅಂತ ಒಂದು ಸಮಾಜ ಐತಿ. ನಮ್ಮ ರಾಜ್ಯದ ಪರಿಶಿಷ್ಟ ಜಾತಿ ಪಟ್ಟಿಯಾಗ ಅದ ಹೆಸರಿನಿಂದ ಇದಾರ. ಆ ಹೆಸರಿನ ಅರ್ಥ ಗಂಟು ಕದಿಯೋರು ಅಂತ. ಈಗ ಆ ಮನಿತನದ ಒಂದು ಹುಡುಗಿ ಸಾಲಿಗೆ ಹೋಗತಾಳ ಅನ್ರಿ, ಕಾಲೇಜಿಗೆ ಅರ್ಜಿ ಹಾಕತಾಳ, ನೌಕರಿಗೆ ಹೋಗತಾಳ. ಪ್ರತಿ ಸಲ ಆಕಿ ಜಾತಿ ಸರ್ಟಿಫಿಕೇಟಿನಾಗ ಚೋರ ಅನ್ನೋ ಶಬ್ದ ತಗೊಂಡ ಹೋಗಬೇಕು. ಆಕಿ ಏನ ಕದ್ದಾಳ? ಏನೂ ಇಲ್ಲ. ಖಜಾನೆ ಒಯ್ದವರ ಮನಿತನಕ್ಕ ಡ್ಯೂಕ್ ಅಂತ ಹೆಸರು ಬಂತು, ಈ ಹುಡುಗಿ ಮನಿತನಕ್ಕ ಚೋರ ಅಂತ ಹೆಸರು ಉಳೀತು. ಅಡಿಕಿಗೆ ಹೋದ ಮಾನ ಆನಿ ಕೊಟ್ರೂ ಬರೂದಿಲ್ಲ ಅಂತೀವಲ್ಲ. ಇಲ್ಲೆ ಅಡಿಕಿನೂ ಮುಟ್ಟದ ಮಾನ ಹೋಗೈತಿ.

ಇಷ್ಟೆಲ್ಲಾ ಯಾಕ ಹೇಳಿದೆ ಅಂದ್ರ, ಶಬ್ದ ಹಚ್ಚೋದು ಸಣ್ಣ ಕೆಲಸ ಅಲ್ಲ. ಸರಿಯಾದ ಶಬ್ದ ಗೊತ್ತಿರಲಿಲ್ಲ ಅಂದ್ರ ನಮಗ ಲುಕ್ಸಾನ, ತಪ್ಪು ಶಬ್ದ ಆಡಿದ್ರ ಮಂದಿಗೆ ಲುಕ್ಸಾನ.

ನಮ್ಮ ಲುಕ್ಸಾನದ್ದು ಮೊದಲ ಹೇಳತೀನಿ. ನಮ್ಮ ಬಳಗದಾಗಿನ ಒಬ್ಬಾಕಿ ಸಂಜಿಮುಂದ ಗುಡಿಯಿಂದ ಬರೂ ಮುಂದ ಬೈಕಿನ ಮ್ಯಾಲೆ ಬಂದ ಇಬ್ಬರು ಕೊಳ್ಳಾಗಿನ ಸರ ಕಿತಗೊಂಡು ಹೋದ್ರು. ಕೊಳ್ಳಿನ ಮ್ಯಾಲೆ ಕೆಂಪು ಬರಿ ಎದ್ದಿತ್ತು. ಒಂದು ಠಾಣೆಗೆ ಹೋದ್ರ ಅಲ್ಲಿದ್ದವರೊಬ್ಬರು "ಸರ ಕಳೆದಿದೆ ಅಂತ ಬರಕೊಡ್ರಿ ಸಾಕು" ಅಂದ್ರಂತ. ಕಳೆದಿದೆ ಅಂದ್ರ ಅಪರಾಧನ ಇಲ್ಲ, ಕಳ್ಳನೂ ಇಲ್ಲ, ಆಕಿನ ಕೆಡವಿಕೊಂಡಂಗ ಆತು! ಆಕಿ ಬಿಡಲಿಲ್ಲ, ಕಸಗೊಂಡು ಹೋದ್ರು ಅಂತನ ಬರದ್ಲು. ಹಳೇ ಕಾಯ್ದೆಯೊಳಗ ಸರ ಕಿತ್ತೋದಕ್ಕ ತನ್ನದ ಆದ ಕಲಮು ಇರಲಿಲ್ಲ, ಕಳವು ಇಲ್ಲಾ ರಾಬರಿ ಒಳಗ ಸೇರಸ್ತಿದ್ರು. ಹೊಸಾ ಸಂಹಿತೆಯ 304ನೇ ಕಲಮಿನಾಗ 'ಸ್ನ್ಯಾಚಿಂಗ್' ಅಂತ ಬ್ಯಾರೆನ ಬಂದೈತಿ, ಮೂರು ವರ್ಷ ತನಕ ಶಿಕ್ಷೆ. ಕಳೀತು, ಕದ್ರು, ಕಸಗೊಂಡ್ರು, ಈ ಮೂರಕ್ಕೂ ಫರಕ ಐತಿ. ಹೆಂಗ ಹೋತೋ ಹಂಗ ಬರೀರಿ. ಎಫ್‌ಐಆರ್ ಆದ ಮ್ಯಾಲೆ ಅದರ ಪ್ರತಿ ರೊಕ್ಕಾ ಇಲ್ಲದ ಕೊಡಬೇಕು, ಅದು ನಮ್ಮ ಹಕ್ಕು.

ಎರಡನೇದ್ದು ಇನ್ನೂ ಮನಿ ಒಳಗಿಂದು. ಮಗಳ ಮದವಿಯೊಳಗ ಪಾಟಲಿ, ಬಿಲ್ವಾರ, ಬೋರಮಾಳ ಹಾಕಿ ಕಳಸ್ತೀವಿ. "ಕಪಾಟಿನಾಗ ಇಡತೀವಿ ಕೊಡು" ಅಂತ ಅತ್ತಿಮನಿಯವರು ತಗೋತಾರ. ಮುಂದ ಜಗಳಾಗಿ ಮಗಳು ತವರಿಗೆ ಬಂದ್ರ "ಯಾವ ಬಂಗಾರ?" ಅಂತಾರ. ಇದಕ್ಕ ಏನ ಅನಬೇಕು? ಆಕೀನ ಕೈಯಾರ ಕೊಟ್ಟಾಳ, ಹಂಗಾಗಿ ಕಳವು ಅನ್ನಾಕ ಬರೂದಿಲ್ಲ. ಮಂದಿ ಇದನ್ನ ಮನಿತನದ ಜಗಳ ಅಂತ ಅಂದು ಬಿಡ್ತಾರ. ಆದ್ರ ಕಾಯ್ದೆಯೊಳಗ ಇದಕ್ಕ ಹೆಸರು ಐತಿ, 'ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್', ಅಪರಾಧಿಕ ನಂಬಿಕೆದ್ರೋಹ. ನಂಬಿ ಇಡಾಕ ಕೊಟ್ಟದ್ದನ್ನ ನುಂಗೋದು, ಬೇಲಿನ ಎದ್ದು ಹೊಲಾ ಮೇಯ್ದಂಗ. 1985ರಾಗ ಪ್ರತಿಭಾ ರಾಣಿ ಅನ್ನೋರ ಕೇಸಿನಾಗ ಸುಪ್ರೀಂ ಕೋರ್ಟ್ ಹೇಳೇತಿ: ಸ್ತ್ರೀಧನ ಪೂರಾ ಆಕಿದ, ಗಂಡ ಇಲ್ಲಾ ಅತ್ತಿಮನಿಯವರು ಇಟಗೊಂಡು ವಾಪಸ ಕೊಡಲಿಲ್ಲ ಅಂದ್ರ ಈ ಅಪರಾಧ ಆಗತೈತಿ. ಈಗ ಅದು 316ನೇ ಕಲಮು, ಶಿಕ್ಷೆ ಮೂರರಿಂದ ಐದು ವರ್ಷ ತನಕ ಏರೈತಿ. ಅದಕ್ಕ ಮದವಿ ಬಂಗಾರದ ಪಾವತಿ, ಫೋಟೋ, ಒಂದು ಯಾದಿ ಮಗಳ ಹಂತ್ಯಾಕ ಇರಲಿ. ಜಗಳ ಆಗಲಿ ಅಂತ ಅಲ್ಲ, ತನ್ನದು ಅಂತ ಹೇಳಾಕ ಆಕಿಗೆ ಶಬ್ದ ಇರಲಿ ಅಂತ.

ಇನ್ನು ಮಂದಿ ಲುಕ್ಸಾನದ್ದು. ಮನಿಯಾಗ ಒಂದು ಬೆಂಡವಾಲಿ ಕಾಣಲಿಲ್ಲ ಅಂದ್ರ ಮೊದಲ ಯಾರ ಹೆಸರು ಬಾಯಿಗೆ ಬರತೈತಿ? ಭಾಂಡಿ ತಿಕ್ಕಾಕಿ, ಹಾಲಿನ ಹುಡುಗ, ಬಣ್ಣ ಹಚ್ಚಾಕ ಬಂದಂವ. ಮನಿಗೆ ಬಂದ ಬೀಗರ ಹೆಸರು ಯಾರೂ ತಗಿಯೂದಿಲ್ಲ. 1871ರ ಪಟ್ಟಿ ನಮ್ಮ ತಲಿಯೊಳಗೂ ಒಂದು ಐತಿ ಅಂದಂಗ ಆತು. ಆಕಿ ಹತ್ತು ಮನಿ ಕೆಲಸದಾಕಿ. ಒಂದು ಮನಿಯಾಗ ತುಡುಗಿ ಅಂದ್ರ ಸಂಜಿ ಅನ್ನೂದರಾಗ ಹತ್ತೂ ಮನಿಗೆ ಸುದ್ದಿ ಮುಟ್ಟತೈತಿ, ಆಕಿ ಒಲಿ ಆರತೈತಿ.

ನಮ್ಮ ಭಾಷೆಯೊಳಗ ಇದಕ್ಕ ಒಂದು ಚಂದನ ಶಬ್ದ ಐತಿ, 'ಸಿಗವಲ್ದು'. ಅದರಾಗ ಯಾರ ಹೆಸರೂ ಇಲ್ಲ, ಯಾರ ಮ್ಯಾಲೂ ಬೆರಳಿಲ್ಲ. ಏನರೆ ಕಾಣಲಿಲ್ಲ ಅಂದ್ರ ಮೊದಲ ಸಿಗವಲ್ದು ಅನ್ನೂಣು, ಹುಡುಕೂಣು. ಕಣ್ಣಿಲೆ ನೋಡಿದ್ರ, ಪುರಾವೆ ಇದ್ರ, ಆಗ ಒಯ್ದವರು ಯಾರ ಇರಲಿ, ಬೀಗರ ಇರಲಿ, ಸಾಹೇಬರ ಇರಲಿ, ಅದರ ಖರೇ ಹೆಸರ ಹೇಳೂಣು.